ಗುಡೇಮಾರನಹಳ್ಳಿ ಸೀಮೆಯ ಜನ: ಹಳ್ಳಿಯ ಲೆಕ್ಕದಲ್ಲಿ ಜೈನ ಮನೆ ಎಲ್ಲಿ ಸಿಗುತ್ತದೆ?

ಗುಡೇಮಾರನಹಳ್ಳಿ ಮಾಗಡಿ ತಾಲ್ಲೂಕಿನ ಗ್ರಾಮ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸೋಲೂರಿನ ಬಳಿ ತಿರುಗಿ ಮಾಗಡಿ ಕಡೆಗೆ ಹೋಗುವವರಿಗೆ ಗುಡೇಮಾರನಹಳ್ಳಿ ಹ್ಯಾಂಡ್‌ಪೋಸ್ಟ್ ಪರಿಚಿತ. ಹಿಂದೆ ದಾರಿ ಕವಲೊಡೆಯುವ ಕಡೆ ಊರಿನ ಹೆಸರು ಬರೆದ ಕೈಕಂಬ ನೆಡುತ್ತಿದ್ದರು. ಕಂಬ ಹೋದರೂ ಹಳೇ ಮೈಸೂರು ಸೀಮೆಯಲ್ಲಿ ಅಂಥ ಎಷ್ಟೋ ಕೂಡುರಸ್ತೆಗಳಿಗೆ ಹ್ಯಾಂಡ್‌ಪೋಸ್ಟ್ ಎಂಬ ಹೆಸರೇ ಉಳಿದುಕೊಂಡಿದೆ.

ಊರು ಇದ್ದಲ್ಲೇ ಇದೆ, ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತಾ ಬಂದಿದೆ. ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗನ ದಾಖಲೆಗಳಲ್ಲಿ ಮೂರು ಜಿಲ್ಲೆಯ ಹೆಸರಿದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಹಳೆಯ ಜನಗಣತಿಯ ಪುಸ್ತಕಗಳಲ್ಲಿ ಈ ಸೀಮೆಯನ್ನು ಹುಡುಕುವವರು ಯಾವ ವರ್ಷಕ್ಕೆ ಯಾವ ಜಿಲ್ಲೆಯ ಪುಸ್ತಕ ತೆರೆಯಬೇಕು ಎಂಬುದನ್ನು ತಿಳಿದಿರಬೇಕು.

ಇಂಥ ಒಂದು ಸಣ್ಣ ಗ್ರಾಮದಲ್ಲಿ ಯಾವ ಯಾವ ಜನ ಇದ್ದಾರೆ, ಅವರಲ್ಲಿ ಜೈನರು ಎಷ್ಟು ಎಂದು ತಿಳಿಯಲು ಹೊರಟರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಈ ಲೇಖನದ ವಿಷಯ. ಗುಡೇಮಾರನಹಳ್ಳಿ ಒಂದು ಉದಾಹರಣೆ. ಹಳೇ ಮೈಸೂರಿನ ಯಾವ ಹಳ್ಳಿಯ ಹೆಸರನ್ನು ಆ ಜಾಗದಲ್ಲಿ ಇಟ್ಟರೂ ಲೆಕ್ಕ ಹೀಗೆಯೇ ನಡೆಯುತ್ತದೆ.

ಈ ಸೀಮೆಯ ಜನ

ಮಾಗಡಿ ಸೀಮೆ ರಾಗಿ, ಅವರೆ, ಹುರುಳಿ, ತೆಂಗು, ಮಾವು, ರೇಷ್ಮೆಯ ನೆಲ. ಹೊಲ ಉಳುವವರಲ್ಲಿ ಒಕ್ಕಲಿಗರು ಹೆಚ್ಚು, ಅವರಲ್ಲಿ ಗಂಗಟಕಾರರು ಪ್ರಮುಖರು. ಗಂಗವಾಡಿ ಎಂಬ ಹಳೆಯ ನಾಡಿನ ಹೆಸರೇ ಗಂಗಟಕಾರ ಎಂಬ ಮಾತಿನಲ್ಲಿ ಉಳಿದಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಲಿಂಗಾಯತರು, ಕುರುಬರು, ಗೊಲ್ಲರು, ತಿಗಳರು, ವಿಶ್ವಕರ್ಮರು, ಮಡಿವಾಳರು, ಸವಿತಾ ಸಮಾಜದವರು ಊರೂರಿಗೂ ಇದ್ದಾರೆ. ಪರಿಶಿಷ್ಟ ಜಾತಿಯವರು ದಾಖಲೆಗಳಲ್ಲಿ ಬಹುಕಾಲ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳಲ್ಲಿ ಕಾಣಿಸಿಕೊಂಡಿದ್ದಾರೆ. ಸಾವನದುರ್ಗದ ಸುತ್ತಿನ ಕಾಡಂಚಿನಲ್ಲಿ ಪರಿಶಿಷ್ಟ ಪಂಗಡದ ಇರುಳಿಗರ ವಸತಿಗಳಿವೆ. ಮುಸ್ಲಿಮರು ಪೇಟೆಗಳಲ್ಲಿ ಹೆಚ್ಚು, ದೊಡ್ಡ ಹಳ್ಳಿಗಳಲ್ಲೂ ಇದ್ದಾರೆ. ಬಹುಪಾಲು ಜನರ ಮಾತು ಕನ್ನಡ. ಮನೆಯೊಳಗೆ ಉರ್ದು, ತೆಲುಗು, ತಮಿಳು ಆಡುವವರೂ ಸಂತೆಯಲ್ಲಿ ಕನ್ನಡವನ್ನೇ ಆಡುತ್ತಾರೆ.

ಈ ನಡುವೆ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಜೈನರ ಮನೆಗಳು. ಇದೇ ತಾಲ್ಲೂಕಿನ ಸಂಕೀಘಟ್ಟದಲ್ಲಿ ವರ್ಧಮಾನ ಸ್ವಾಮಿಯ ಹಳೆಯ ಬಸದಿ ಇದೆ. ಪಕ್ಕದ ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಮಾನ್ಯಪುರ ಎಂದು ಹೆಸರಾಗಿ ಗಂಗರ ಅರಸರ ನೆಲೆಯಾಗಿತ್ತು. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯ ಅಲ್ಲಿ ಜಿನಾಲಯ ಕಟ್ಟಿಸಿದ ವಿಷಯ ಕ್ರಿ.ಶ. 797ರ ತಾಮ್ರಶಾಸನದಲ್ಲಿದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟಸ್ವಾಮಿ ನಿಲ್ಲುವುದಕ್ಕೆ ಸುಮಾರು ಇನ್ನೂರು ವರ್ಷ ಮೊದಲಿನ ಮಾತು ಅದು. ತುಮಕೂರಿನ ಹತ್ತಿರದ ಮಂದಾರಗಿರಿ, ಅಂದರೆ ಬಸದಿ ಬೆಟ್ಟ, ಇಲ್ಲಿಂದ ದೂರವೇನಲ್ಲ. ಆದ್ದರಿಂದ ಈ ಸೀಮೆಯ ದಿಗಂಬರ ಜೈನ ಒಕ್ಕಲನ್ನು ಹೊರಗಿನಿಂದ ಬಂದವರು ಎಂದು ಎಣಿಸುವುದು ತಪ್ಪು. ನೆಲ, ಮಾತು, ಉಡುಗೆ, ಮನೆ ಕಟ್ಟುವ ರೀತಿ, ರಾಗಿ ಮುದ್ದೆ ಎಲ್ಲವೂ ಪಕ್ಕದ ಮನೆಯವರದ್ದೇ. ಸೂರ್ಯ ಮುಳುಗುವ ಮುಂಚೆ ಊಟ, ಗೆಡ್ಡೆ ಗೆಣಸು ಬಿಡುವುದು, ನೋಂಪಿ, ಬಸದಿ, ಇಷ್ಟರಲ್ಲಿ ಮಾತ್ರ ಬೇರೆ.

ಜನಾಂಗ ಎಂಬ ಮಾತು

ಅಮೆರಿಕದ ಒಂದು ಸಣ್ಣ ಊರಿನ ಬಗ್ಗೆ ಓದಿದರೆ ಅಲ್ಲಿ ಬಿಳಿಯರು ಶೇಕಡ ಎಷ್ಟು, ಕರಿಯರು ಎಷ್ಟು, ಏಷ್ಯಾದವರು ಎಷ್ಟು ಎಂಬ ಸಾಲು ತಪ್ಪದೇ ಇರುತ್ತದೆ. ಅಲ್ಲಿನ ಜನಗಣತಿ ಜನಾಂಗವನ್ನು ಕೇಳುತ್ತದೆ, ಧರ್ಮವನ್ನು ಕೇಳುವುದಿಲ್ಲ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು 'ಏಷ್ಯನ್ ಇಂಡಿಯನ್' ಎಂಬ ಚೌಕಕ್ಕೆ ಗುರುತು ಹಾಕುತ್ತಾರೆ. ಜೈನರು ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 2001ರಿಂದ ಧರ್ಮದ ಪ್ರಶ್ನೆ ಇದೆ, ಆದರೆ ಜೈನರಿಗೆ ಬೇರೆ ಚೌಕ ಇಲ್ಲ. 'ಇತರೆ' ಎಂಬಲ್ಲಿ ಕೈಯಾರೆ ಬರೆಯಬೇಕು. ಹಾಗೆ ಬರೆದವರು 2011ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 20 ಸಾವಿರ, 2021ರಲ್ಲಿ ಸುಮಾರು 25 ಸಾವಿರ. ಬರೆಯದೆ ಬಿಟ್ಟವರು ಜೈನರ ಲೆಕ್ಕಕ್ಕೆ ಬರಲಿಲ್ಲ.

ನಮ್ಮ ದೇಶದಲ್ಲೂ ಜನಾಂಗ ಅಳೆಯುವ ಹುಚ್ಚು ಒಂದು ಕಾಲಕ್ಕೆ ಇತ್ತು. 1901ರ ಜನಗಣತಿಯ ಮುಖ್ಯಸ್ಥ ರಿಸ್ಲಿ ಮೂಗಿನ ಅಗಲ, ತಲೆಯ ಉದ್ದ ಅಳೆಸಿ ಭಾರತೀಯರನ್ನು ಗುಂಪು ಮಾಡಲು ಹೊರಟ. ಸ್ವಾತಂತ್ರ್ಯದ ನಂತರ ಅದೆಲ್ಲ ನಿಂತಿತು. ಇವತ್ತು ಕನ್ನಡದಲ್ಲಿ ಜನಾಂಗ ಎಂದರೆ ಜಾತಿ ಎಂದೇ ಬಳಕೆ. ಶಾಲೆಯ ಅರ್ಜಿಯಲ್ಲಿ, ಸಂಘದ ಫಲಕದಲ್ಲಿ, ರಾಜಕಾರಣಿಗಳ ಭಾಷಣದಲ್ಲಿ ಎಲ್ಲ ಕಡೆ ಹಾಗೆಯೇ. ಧರ್ಮ, ಜಾತಿ, ಉಪಜಾತಿ, ಪಂಥ ಎಂಬ ನಾಲ್ಕನ್ನೂ ಜನಾಂಗ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದ ಎಲ್ಲರಿಗಿಂತ ಹೆಚ್ಚು ನಷ್ಟ ಆಗುವುದು ಜೈನರಿಗೆ. ಹೇಗೆ ಎಂಬುದು ಮುಂದೆ ಬರುತ್ತದೆ.

ಹಳ್ಳಿಯ ಕೋಷ್ಟಕದಲ್ಲಿ ಏನಿದೆ

ಜನಗಣತಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ, ಒಂದು ಸಾಲು ಇದೆ. ಜನವಸತಿ ಇಲ್ಲದ ಬೇಚರಾಕ್ ಗ್ರಾಮಕ್ಕೂ ಸಾಲು ಉಂಟು, ಅದರಲ್ಲಿ ಸೊನ್ನೆ ಇರುತ್ತದೆ ಅಷ್ಟೆ. ಗುಡೇಮಾರನಹಳ್ಳಿಯ ಸಾಲಿನಲ್ಲಿ ಕುಟುಂಬಗಳ ಸಂಖ್ಯೆ, ಗಂಡು ಹೆಣ್ಣು, ಆರು ವರ್ಷದೊಳಗಿನ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ದುಡಿಯುವವರು, ಅವರಲ್ಲಿ ಬೇಸಾಯಗಾರರು ಮತ್ತು ಕೂಲಿಕಾರರು, ಇಷ್ಟು ಸಿಗುತ್ತವೆ. ಇದು ಕಂದಾಯ ಗ್ರಾಮದ ಲೆಕ್ಕ. ಗ್ರಾಮ ಪಂಚಾಯಿತಿ ಎಂದರೆ ಹಲವು ಗ್ರಾಮ ಸೇರಿದ್ದು. ಎರಡನ್ನೂ ಒಂದೇ ಎಂದುಕೊಂಡು ಅಂಕಿಗಳನ್ನು ಹೋಲಿಸಿ ತಪ್ಪು ಮಾಡುವವರು ಬಹಳ ಜನ.

ಧರ್ಮ ಆ ಸಾಲಿನಲ್ಲಿ ಇಲ್ಲ. ಎಣಿಕೆದಾರರು ಪ್ರತಿಯೊಬ್ಬರ ಧರ್ಮವನ್ನೂ ಕೇಳಿ ಬರೆದುಕೊಳ್ಳುತ್ತಾರೆ, ಆದರೆ ಆ ಅಂಕಿ ಹೊರಬರುವುದು ಪಟ್ಟಣ ಮತ್ತು ತಾಲ್ಲೂಕಿನ ಮಟ್ಟದಲ್ಲಿ, ಹಳ್ಳಿಯ ಮಟ್ಟದಲ್ಲಿ ಅಲ್ಲ. ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಉಳಿದ ಜಾತಿಗಳ ಎಣಿಕೆಯಂತೂ 1931ರ ನಂತರ ಜನಗಣತಿಯಲ್ಲಿ ನಡೆದೇ ಇಲ್ಲ. ಹೀಗಾಗಿ ಒಂದು ಹಳ್ಳಿಯಲ್ಲಿ ಐದು ಜೈನ ಮನೆ ಇವೆಯೋ ಐವತ್ತು ಇವೆಯೋ ಎಂಬುದು ಯಾವ ಸರ್ಕಾರಿ ಪುಸ್ತಕದಲ್ಲೂ ಅಚ್ಚಾಗಿಲ್ಲ.

ಮೇಲಿನ ಅಂಕಿಗಳು ಹೀಗಿವೆ. 2011ರಲ್ಲಿ ದೇಶದಲ್ಲಿ ಜೈನರು 44,51,753. ಕರ್ನಾಟಕದಲ್ಲಿ 4,40,280, ಅಂದರೆ ಶೇ 0.72. ಹತ್ತು ವರ್ಷ ಮೊದಲು, 2001ರಲ್ಲಿ, ಅದು 4,12,659 ಇತ್ತು. ದೇಶದ ಜೈನರಲ್ಲಿ ಐದರಲ್ಲಿ ನಾಲ್ಕು ಪಾಲು ಪಟ್ಟಣವಾಸಿಗಳು. ಆದರೆ ರಾಜ್ಯದಲ್ಲಿ ಹೆಚ್ಚು ಜೈನರಿರುವ ಜಿಲ್ಲೆ ಬೆಳಗಾವಿ, ಅಲ್ಲಿ ಹೊಲ ಗದ್ದೆಯ ಜೈನರೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಜೈನರೆಂದರೆ ಅಂಗಡಿಯವರು ಎಂಬ ಮಾತು ಕರ್ನಾಟಕಕ್ಕೆ ಅರ್ಧ ಮಾತ್ರ ನಿಜ. ಶೇ 0.72 ಎಂದರೆ ಸಾವಿರ ಜನರಲ್ಲಿ ಏಳು. ಆದರೆ ಹಳ್ಳಿಗೆ ಹೋಗಿ ಸಾವಿರಕ್ಕೆ ಏಳು ಜನ ಹುಡುಕಿದರೆ ಸಿಗುವುದಿಲ್ಲ. ಹತ್ತು ಹಳ್ಳಿಗಳಲ್ಲಿ ಒಬ್ಬರೂ ಇಲ್ಲ, ಹನ್ನೊಂದನೆಯದರಲ್ಲಿ ಒಂದು ಬೀದಿ ಪೂರಾ ಜೈನರು. ಸರಾಸರಿಯಿಂದ ಹಳ್ಳಿಯನ್ನು ಅಳೆಯಲಾಗದು.

ತಾಲ್ಲೂಕಿನ ಜೈನರ ಅಂಕಿಯಲ್ಲಿ ಇನ್ನೊಂದು ತೊಡಕು ಇದೆ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರದಂಥ ಪೇಟೆಗಳಲ್ಲಿ ಬಟ್ಟೆ, ಚಿನ್ನ ಬೆಳ್ಳಿ, ಗಿರವಿ, ಹಾರ್ಡ್‌ವೇರ್ ವ್ಯಾಪಾರಕ್ಕೆಂದು ರಾಜಸ್ಥಾನ, ಗುಜರಾತಿನಿಂದ ಬಂದು ನೆಲೆಸಿದ ಶ್ವೇತಾಂಬರ ಕುಟುಂಬಗಳಿವೆ. ಅವರ ಮೂರನೆಯ ತಲೆಮಾರು ಈಗ ಇಲ್ಲಿಯ ಶಾಲೆಯಲ್ಲೇ ಕನ್ನಡ ಓದುತ್ತಿದೆ. ಗಣತಿಯಲ್ಲಿ ಇವರೂ ಜೈನರು, ಹಳ್ಳಿಯ ದಿಗಂಬರರೂ ಜೈನರು. ಅದು ಸರಿಯೇ, ಧರ್ಮ ಒಂದೇ. ಆದರೆ ಪೇಟೆಯಲ್ಲಿ ನಾಲ್ಕು ಹೊಸ ಮನೆ ಬಂದು ಹಳ್ಳಿಯಲ್ಲಿ ನಾಲ್ಕು ಹಳೆಯ ಮನೆಗೆ ಬೀಗ ಬಿದ್ದರೆ ತಾಲ್ಲೂಕಿನ ಅಂಕಿಯಲ್ಲಿ ಏನೂ ಬದಲಾವಣೆ ಕಾಣುವುದಿಲ್ಲ. ಹಳ್ಳಿಯ ಬಸದಿಯಲ್ಲಿ ಮಾತ್ರ ಪೂಜೆಗೆ ಜನ ಕಡಿಮೆಯಾಗಿರುತ್ತಾರೆ.

ಮನೆಗೆ ಒಂದು ಹಣ: ಕಲ್ಯದ ಶಾಸನ

ಈ ಸೀಮೆಯಲ್ಲಿ ಜೈನರ ಮನೆ ಎಣಿಸುವ ಮಾತು ಹೊಸದಲ್ಲ. ಮಾಗಡಿಗೆ ಹತ್ತಿರದ ಕಲ್ಯದಲ್ಲಿ 1368ರ ಒಂದು ಶಾಸನವಿದೆ. ಅದೇ ಒಪ್ಪಂದದ ಶಾಸನ ಶ್ರವಣಬೆಳಗೊಳದಲ್ಲೂ ಇದೆ, ಅದು ಹೆಚ್ಚು ಪ್ರಸಿದ್ಧ. ಬೆಳಗೊಳದ್ದನ್ನು ಬಲ್ಲ ಎಷ್ಟೋ ಜನಕ್ಕೆ ಕಲ್ಯದ್ದು ಗೊತ್ತಿಲ್ಲ.

ಆಗ ವಿಜಯನಗರದಲ್ಲಿ ಒಂದನೇ ಬುಕ್ಕರಾಯನ ಆಳ್ವಿಕೆ. ಜೈನರಿಗೂ ಶ್ರೀವೈಷ್ಣವರಿಗೂ ತಂಟೆ ಬಂದು, ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಅರಸನಲ್ಲಿ ದೂರಿಟ್ಟರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಜೈನರು ಸೇರಿ ಕೊಟ್ಟ ದೂರು ಅದು. ಕಲ್ಲೆಹ ಎಂದರೆ ಈಗಿನ ಕಲ್ಯವೇ. ಬುಕ್ಕರಾಯ ಶ್ರೀವೈಷ್ಣವ ಮುಖಂಡರನ್ನೆಲ್ಲ ಕರೆಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದು ಹೇಳಿ, ಜೈನರ ಕೈಯನ್ನು ಹಿಡಿದು ಅವರ ಕೈಯಲ್ಲಿಟ್ಟ. ಜೈನರಿಗೆ ವಾದ್ಯ, ಕಲಶಗಳ ಹಕ್ಕು ಹಿಂದಿನಂತೆ ನಡೆಯಬೇಕು, ಅವರಿಗೆ ಬರುವ ಹಾನಿ ವೃದ್ಧಿಯನ್ನು ವೈಷ್ಣವರು ತಮ್ಮದೇ ಎಂದು ಭಾವಿಸಬೇಕು ಎಂದು ತೀರ್ಮಾನವಾಯಿತು.

ಇಷ್ಟು ಭಾಗವನ್ನು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಹೇಳದೆ ಬಿಡುವ ಭಾಗ ಮುಂದಿನದು. ರಾಜ್ಯದಲ್ಲಿರುವ ಜೈನರು ಮನೆ ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು, ತಿರುಮಲೆಯ ತಾತಯ್ಯ ಅದನ್ನು ಪಡೆದು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳನ್ನು ಸುಣ್ಣ ಬಣ್ಣ ಮಾಡಿಸಿ ಸರಿಪಡಿಸಬೇಕು ಎಂದು ಗೊತ್ತುಮಾಡಲಾಯಿತು. ಮನೆಗೆ ಒಂದು ಹಣ ಎತ್ತಬೇಕಾದರೆ ಯಾವ ಊರಿನಲ್ಲಿ ಜೈನರ ಎಷ್ಟು ಮನೆ ಎಂಬ ಪಟ್ಟಿ ಯಾರ ಕೈಯಲ್ಲಾದರೂ ಇರಲೇಬೇಕು. ಓಲೆಯಲ್ಲಿ ಬರೆದದ್ದೋ ನೆನಪಿನಲ್ಲಿ ಇಟ್ಟದ್ದೋ, ಲೆಕ್ಕ ಇಲ್ಲದೆ ವಸೂಲಿ ನಡೆಯದು. ವ್ಯಾಪಾರ ಮಾಡುವ ಯಾರಿಗಾದರೂ ಇದು ಗೊತ್ತು.

ಈ ಕೆಲಸದಲ್ಲಿ ಮುಂದೆ ನಿಂತವನು ಕಲ್ಲೆಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ. ಅವನು ಅರಸನಲ್ಲಿ ಬಿನ್ನಹ ಮಾಡಿಕೊಂಡು ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ನಡೆಸಿದ. ಜೈನರೂ ವೈಷ್ಣವರೂ ಕೂಡಿ ಅವನಿಗೆ ಸಂಘನಾಯಕ ಎಂಬ ಪಟ್ಟ ಕಟ್ಟಿದರು. ಈ ಮಾಗಡಿ ಸೀಮೆಯ ಒಬ್ಬ ಸೆಟ್ಟಿ ಆ ಪಟ್ಟವನ್ನು ಎರಡೂ ಕಡೆಯವರಿಂದ ಪಡೆದ ಎಂಬುದು ಇಲ್ಲಿಯ ಮಕ್ಕಳಿಗೆ ತಿಳಿದಿರಬೇಕಾದ ವಿಷಯ. ಅದೇ ಕಲ್ಯವನ್ನು ವೀರಶೈವ ಕವಿ ಪಾಲ್ಕುರಿಕೆ ಸೋಮನಾಥ ಐಕ್ಯನಾದ ಸ್ಥಳವೆಂದೂ ಭಕ್ತರು ನಂಬುತ್ತಾರೆ. ಒಂದು ಸಣ್ಣ ಊರಿನಲ್ಲಿ ಮೂರು ಮತಗಳ ನೆನಪು ಸೇರಿಕೊಂಡಿದೆ.

ಹೆಸರಿನಿಂದ ಗುರುತು ಸಿಗದು

ಪೇಟೆಯ ಜೈನ ಕುಟುಂಬದವರ ಹೆಸರಿನ ಕೊನೆಗೆ 'ಜೈನ್' ಎಂದೋ ಗೋತ್ರದ ಹೆಸರೋ ಇರುತ್ತದೆ. ಹಳೇ ಮೈಸೂರಿನ ಹಳ್ಳಿಯ ಜೈನರಿಗೆ ಆ ರೂಢಿ ಇಲ್ಲ. ಪದ್ಮರಾಜಯ್ಯ, ಧರಣೇಂದ್ರಯ್ಯ, ಬ್ರಹ್ಮಯ್ಯ, ನಾಗರಾಜಯ್ಯ, ಶಾಂತಮ್ಮ, ಪದ್ಮಾವತಮ್ಮ ಎಂಬ ಹೆಸರು ಕೇಳಿದ ಎಣಿಕೆದಾರರು, ಅದೂ ಹೊರ ತಾಲ್ಲೂಕಿನಿಂದ ಬಂದ ಶಿಕ್ಷಕರಾದರೆ, ಧರ್ಮ ಯಾವುದು ಎಂದು ಕೇಳದೆಯೇ ಹಿಂದೂ ಎಂದು ಗುರುತು ಮಾಡಿಬಿಡುವುದುಂಟು. ಅವರ ತಪ್ಪೂ ಅಲ್ಲ, ದಿನಕ್ಕೆ ಹತ್ತಾರು ಮನೆ ಮುಗಿಸಬೇಕು. ಮನೆಯವರೂ ತೋರಿಸಿದ ಕಡೆ ಸಹಿ ಹಾಕಿ ಸುಮ್ಮನಾಗುತ್ತಾರೆ.

ಒಳಪಂಗಡದ ಹೆಸರಿನಲ್ಲಿ ಇನ್ನೂ ಹೆಚ್ಚಿನ ಗೊಂದಲ. ಸಾದರು ಎಂಬ ಹೆಸರು ಜೈನರಲ್ಲಿ ಇದೆ, ಲಿಂಗಾಯತರಲ್ಲಿ ಇದೆ, ಹಿಂದೂ ಸಾದರು ಎಂದು ಬೇರೆಯೂ ಇದ್ದಾರೆ. ಜೈನ ಸಾದರ ಮನೆಯವರು 'ಸಾದರು' ಎಂದಷ್ಟೇ ಹೇಳಿದರೆ ಎಲ್ಲಿ ಸೇರುತ್ತಾರೆ ಎಂಬುದು ಬರೆದುಕೊಳ್ಳುವವರ ತಿಳಿವಳಿಕೆಗೆ ಬಿಟ್ಟದ್ದು. ಉತ್ತರದ ಚತುರ್ಥ, ಪಂಚಮ, ಪಾತ್ರೆ ವ್ಯಾಪಾರದ ಬೋಗಾರ ಅಥವಾ ಕಾಸಾರ, ಬಸದಿ ಪೂಜೆಯ ಉಪಾಧ್ಯೆ ಅಥವಾ ಇಂದ್ರ ಮನೆತನಗಳು, ಇವೆಲ್ಲ ಜೈನರೊಳಗಿನ ಹೆಸರುಗಳು. ಧರ್ಮದ ಕಾಲಂ ಸರಿ ಇಲ್ಲದೆ ಇವನ್ನು ಮಾತ್ರ ಬರೆಸಿದರೆ ಲೆಕ್ಕ ಬೇರೆ ಕಡೆ ಹೋಗುತ್ತದೆ. ಹೆಸರಿನ ಈ ಪಾಡು ಜೈನರಿಗಷ್ಟೇ ಅಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮನೆ ಮನೆ ಸಮೀಕ್ಷೆ ನಡೆಸಬೇಕಾದ ಕಾರಣಗಳಲ್ಲಿ, ಆದಿ ಕರ್ನಾಟಕ ಆದಿ ದ್ರಾವಿಡ ಎಂಬ ಹೆಸರುಗಳಿಂದ ಮೂಲ ಜಾತಿ ತಿಳಿಯದೆ ಹೋದದ್ದೂ ಒಂದು.

ತಪ್ಪು ಮೊದಲು ಬೀಳುವುದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಧರ್ಮ: ಹಿಂದೂ, ಜಾತಿ: ಜೈನ. ಈ ಎರಡು ಕಾಲಂ ಇರುವ ವರ್ಗಾವಣೆ ಪತ್ರ ಎಷ್ಟೋ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಮುಂದೆ ಅದು ಅಡ್ಡ ಬರುತ್ತದೆ. ಜೈನರಿಗೆ ರಾಷ್ಟ್ರ ಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿದ್ದು 2014ರ ಜನವರಿಯಲ್ಲಿ. ಅದು ಧರ್ಮದ ಆಧಾರದ್ದು, ದಿಗಂಬರ ಶ್ವೇತಾಂಬರ ಎಲ್ಲರಿಗೂ ಸೇರಿದ್ದು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 3ಬಿ ಬೇರೆ, ಅದರಲ್ಲಿ ಇರುವುದು ದಿಗಂಬರ ಜೈನರು ಮಾತ್ರ, ಆದಾಯದ ಮಿತಿಯೂ ಉಂಟು. ಎರಡೂ ಪ್ರಮಾಣಪತ್ರ ಕೊಡುವುದು ತಹಶೀಲ್ದಾರರೇ, ಅರ್ಜಿ ಹಾಕುವುದು ನಾಡಕಚೇರಿಯಲ್ಲೇ, ಆದರೆ ಒಂದು ಇನ್ನೊಂದರ ಕೆಲಸ ಮಾಡದು. ದಾಖಲೆಯಲ್ಲಿ ಧರ್ಮ ಹಿಂದೂ ಎಂದಿದ್ದರೆ ಮೊದಲನೆಯದಕ್ಕೆ ತಕರಾರು, ಜೈನ ಎಂದಷ್ಟೇ ಇದ್ದು ದಿಗಂಬರ ಎಂದಿಲ್ಲದಿದ್ದರೆ ಎರಡನೆಯದಕ್ಕೆ ತಕರಾರು. ಮಗು ಶಾಲೆಯಲ್ಲಿ ಓದುತ್ತಿರುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ತಿದ್ದುಪಡಿಗೆ ಅರ್ಜಿ ಕೊಟ್ಟರೆ ಸುಲಭ. ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ಓಡಾಟ ಹೆಚ್ಚು.

ಗಣತಿಗಳ ಸಾಲು

ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2015ರಲ್ಲಿ ಒಮ್ಮೆ, ಮತ್ತೆ 2025ರ ಸೆಪ್ಟೆಂಬರ್ 22ರಿಂದ 60 ಪ್ರಶ್ನೆಗಳೊಂದಿಗೆ ಇನ್ನೊಮ್ಮೆ ಸಮೀಕ್ಷೆ ನಡೆಸಿತು. ಧರ್ಮದ ಕಾಲಂನಲ್ಲಿ ಜೈನ ಎಂದೇ ಬರೆಸಿ ಎಂದು ಸಮಾಜದ ಸಂಘಟನೆಗಳು ಆಗ ಊರೂರಿಗೂ ಹೇಳಿ ಬಂದವು. ಅದು ರಾಜ್ಯದ ಸಮೀಕ್ಷೆ. ದೇಶದ ಜನಗಣತಿ ಅದಕ್ಕಿಂತ ಬೇರೆ. 2021ರಲ್ಲಿ ಆಗಬೇಕಿದ್ದು ತಪ್ಪಿಹೋದ ಜನಗಣತಿಗೆ 2025ರ ಜೂನ್ 16ರಂದು ಅಧಿಸೂಚನೆ ಬಂತು. ಇದರ ಉಲ್ಲೇಖ ದಿನ ನಮ್ಮ ರಾಜ್ಯಕ್ಕೆ 2027ರ ಮಾರ್ಚ್ 1. ಈ ಬಾರಿ ಜಾತಿಯನ್ನೂ ಕೇಳುತ್ತಾರೆ. ಒಂದರಲ್ಲಿ ಬರೆಸಿದ್ದೇವೆ, ಇನ್ನೊಂದಕ್ಕೆ ಬೇಕಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಎರಡರ ಕಾಗದ ಒಂದಕ್ಕೊಂದು ಸೇರುವುದಿಲ್ಲ.

ಜನಗಣತಿಗೆ ಎರಡು ಹಂತ. ಮೊದಲ ಹಂತದ ಮನೆಪಟ್ಟಿಯಲ್ಲಿ ಗೋಡೆ, ಚಾವಣಿ, ನೀರು, ಶೌಚಾಲಯ, ವಾಹನದ ಪ್ರಶ್ನೆಗಳೇ ಹೆಚ್ಚು. ಪ್ರತಿಯೊಬ್ಬರ ಧರ್ಮ, ಮಾತೃಭಾಷೆ ಬರುವುದು ಎರಡನೇ ಹಂತದ ಜನರ ಎಣಿಕೆಯಲ್ಲಿ. 2011ರ ನಮೂನೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ ಎಂದು ಆರು ಧರ್ಮಗಳಿಗೆ ಒಂದರಿಂದ ಆರರ ಸಂಕೇತ ಇತ್ತು, ಜೈನರದ್ದು 6. ಒಬ್ಬೊಬ್ಬರ ಮಾಹಿತಿಯನ್ನು ಹೊರಗೆಡಹಬಾರದು ಎಂದು 1948ರ ಜನಗಣತಿ ಕಾಯ್ದೆಯಲ್ಲಿದೆ, ಅಂಜಿಕೆ ಬೇಡ.

ಎಲ್ಲಿ ವಾಸವೋ ಅಲ್ಲೇ ಎಣಿಕೆ. ಬೆಂಗಳೂರಿನ ಪಿಜಿಯಲ್ಲಿರುವ ಮಗ, ತುಮಕೂರಿನ ಹಾಸ್ಟೆಲಿನಲ್ಲಿರುವ ಮಗಳು ಅಲ್ಲಿಯೇ ಲೆಕ್ಕಕ್ಕೆ ಸೇರುತ್ತಾರೆ, ಹಳ್ಳಿಯ ಮನೆಯಲ್ಲಿ ಅಲ್ಲ. ರೂಮಿನಲ್ಲಿ ನಾಲ್ವರಿದ್ದು ಒಬ್ಬರೇ ಎಲ್ಲರ ಪರವಾಗಿ ಉತ್ತರ ಹೇಳಿದರೆ ಆ ಹುಡುಗನ ಧರ್ಮ ಏನೆಂದು ಬರೆದರೋ ದೇವರೇ ಬಲ್ಲ. ಹಳ್ಳಿಯಲ್ಲಿ ಉಳಿದಿರುವವರು ಬಹಳ ಕಡೆ ವಯಸ್ಸಾದವರೇ. ಅಜ್ಜಿ ಒಬ್ಬರೇ ಇರುವ ಮನೆಗಳಲ್ಲಿ ಮಕ್ಕಳು ಒಂದು ಚೀಟಿ ಬರೆದು ಬಾಗಿಲ ಹಿಂದೆ ಅಂಟಿಸಿ ಬರಬಹುದು. ಧರ್ಮ: ಜೈನ. ಜಾತಿ: ಜೈನ ದಿಗಂಬರ, ಒಳಪಂಗಡ ಇದ್ದರೆ ಅದರ ಹೆಸರು. ಮಾತೃಭಾಷೆ: ಕನ್ನಡ. ಕೆಳಗೆ ಮಗನದ್ದೋ ಮಗಳದ್ದೋ ಫೋನ್ ನಂಬರ್. ಎಣಿಕೆದಾರರು ಬಂದಾಗ ಅಜ್ಜಿ ಚೀಟಿ ತೋರಿಸಿದರೆ ಸಾಕು.